ಹೆಪ್ಪಿನ ಲೆಕ್ಕ

'ಬ್ಲಡ್ ಥಿನ್ನರ್' ಅನ್ನೋ ಹೆಸರಲ್ಲೇ ಒಂದು ಸುಳ್ಳಿದೆ. ಆ ಮಾತ್ರೆ ನುಂಗಿದರೆ ರಕ್ತ ತೆಳುವಾಗುವುದಿಲ್ಲ. ಮೊದಲು ಹೇಗಿತ್ತೋ ಹಾಗೇ ಇರುತ್ತದೆ, ಹೆಪ್ಪುಗಟ್ಟೋಕೆ ಮಾತ್ರ ಹೆಚ್ಚು ಹೊತ್ತು ತಗೊಳ್ಳುತ್ತೆ. ಆದರೆ 'ರಕ್ತ ತೆಳು ಮಾಡೋ ಮಾತ್ರೆ' ಅಂದ ಕೂಡಲೇ ನಮ್ಮ ಮನೆಗಳಲ್ಲಿ ಹಾಲಿಗೆ ನೀರು ಬೆರೆಸಿದ ಚಿತ್ರ ಕಣ್ಮುಂದೆ ಬರುತ್ತದೆ. ರಕ್ತ ನೀರಾದ್ರೆ ನಿಶ್ಶಕ್ತಿ ಬರಲ್ವಾ? ಹಾಗಾಗಿ ಬೀಟ್‌ರೂಟು, ದಾಳಿಂಬೆ, ಖರ್ಜೂರ ಶುರುವಾಗುತ್ತೆ. ತುಂಬಾ ಸುಸ್ತಾದ ದಿನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಅವರ ತರ್ಕದಲ್ಲಿ ಏನೂ ತಪ್ಪಿಲ್ಲ, ಅವರ ಕೈಗೆ ಕೊಟ್ಟ ಪದ ತಪ್ಪು.

ಹಾಗಾದರೆ ರೋಗಿಗೆ ಅರ್ಥ ಮಾಡಿಸೋದು ಸೌಜನ್ಯವಾ, ಸಾಲವಾ? ಸಮಯ ಇದ್ದರೆ ಮಾಡುವ ಉಪಕಾರವಾ, ಅಥವಾ ಮಾತ್ರೆಯ ಜೊತೆಗೇ ಕೊಡಲೇಬೇಕಾದದ್ದಾ? ಇದರ ಬಗ್ಗೆ ಯೋಚಿಸೋಕೆ ನನಗೆ ಕಾರಣವಾಗಿದ್ದು ನನ್ನ ಸೋದರತ್ತೆ.

ಅತ್ತೆ ಹಾಸನ ಜಿಲ್ಲೆಯ ಹಳ್ಳಿಯವರು. ಚಿಕ್ಕವರಿದ್ದಾಗ ಬಂದ ಗಂಟಲುನೋವನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಕೆಲವರಲ್ಲಿ ಆ ಸೋಂಕಿನ ವಿರುದ್ಧ ಎದ್ದ ದೇಹದ ಸೈನ್ಯ ತಿರುಗಿ ಹೃದಯದ ಕವಾಟದ ಮೇಲೇ ಬೀಳುತ್ತದೆ. ರೂಮ್ಯಾಟಿಕ್ ಹೃದ್ರೋಗ ಅಂತಾರೆ, ಬಡತನಕ್ಕೂ ಇಕ್ಕಟ್ಟಿನ ಮನೆಗಳಿಗೂ ಅಂಟಿಕೊಂಡ ಕಾಯಿಲೆ. ಐವತ್ತರ ಹತ್ತಿರ ಅವರ ಮೈಟ್ರಲ್ ಕವಾಟ ತೆಗೆದು ಯಾಂತ್ರಿಕ ಕವಾಟ ಕೂರಿಸಿದರು. ಅಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಅದರ ಚೂರು ಮಿದುಳಿಗೆ ಹೋದರೆ ಲಕ್ವ. ಹಾಗಾಗಿ ಬದುಕಿರೋವರೆಗೂ ವಾರ್ಫರಿನ್. (ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯಲ್ಲ ಅಂತ ನೀವು ಕೇಳಬಹುದು. ಯಾಂತ್ರಿಕ ಕವಾಟಕ್ಕೆ ಅವು ಆಗಲ್ಲ. ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು, ಮಧ್ಯದಲ್ಲೇ ನಿಲ್ಲಿಸಿದರು.)

ಡಿಸ್ಚಾರ್ಜ್ ದಿನ ಬಿಲ್ ಕಟ್ಟೋಕೆ ಒಂದೂವರೆ ಗಂಟೆ ಹಿಡಿಯಿತು, ಮಾತ್ರೆ ವಿವರಿಸೋಕೆ ಐದು ನಿಮಿಷ. "ಸೊಪ್ಪು ತಿನ್ನಬೇಡಿ. ಮಾತ್ರೆ ತಪ್ಪಿಸಬೇಡಿ. ಐಎನ್‌ಆರ್ ಮಾಡಿಸ್ತಾ ಇರಿ. ಅರ್ಥ ಆಯ್ತಾ?" ಅತ್ತೆ, "ಆಯ್ತು ಸಾರ್." ಕನ್ನಡದಲ್ಲಿ ಈ 'ಆಯ್ತು'ಗೆ ಅರ್ಥವಾಗುವುದಕ್ಕೂ ಸಂಬಂಧವೇ ಇಲ್ಲ. ಇನ್ನು ನಿಮ್ಮನ್ನು ತಡೆದು ನಿಲ್ಲಿಸಲ್ಲ, ಹೊರಡಿ ಅನ್ನೋ ಮರ್ಯಾದೆ ಅದು. ಅರ್ಥ ಆಯ್ತಾ ಅನ್ನೋದರ ಬದಲು "ಈಗ ನೀವು ನನಗೆ ಹೇಳಿ, ನಾಳೆ ಬೆಳಿಗ್ಗೆಯಿಂದ ಏನೇನು ಮಾಡ್ತೀರಿ?" ಅಂತ ಕೇಳುವ ಕ್ರಮ ವೈದ್ಯಕೀಯದಲ್ಲಿ ಇದೆ, 'ಟೀಚ್ ಬ್ಯಾಕ್' ಅಂತ ಹೆಸರೂ ಇದೆ. ಅಲ್ಲಿ ಯಾರೂ ಕೇಳಲಿಲ್ಲ.

ಬೆಂಗಳೂರಲ್ಲಿರುವ ಅತ್ತೆಯ ಮಗ ನಮ್ಮೆಲ್ಲರ ಹಾಗೆ ಸಮಸ್ಯೆಯನ್ನು ಪ್ರಾಜೆಕ್ಟ್ ಮಾಡಿಕೊಂಡ. ಶೇರ್ಡ್ ಶೀಟು, ಫೋನಲ್ಲಿ ರಾತ್ರಿ ಎಂಟಕ್ಕೆ ಅಲಾರಾಂ, ವಾರದ ಏಳು ಖಾನೆಯ ಡಬ್ಬಿ. ಚೆನ್ನಾಗಿಯೇ ಇತ್ತು. ಎಲ್ಲಾ ಶೀಟಲ್ಲಿತ್ತು, ಅತ್ತೆಯ ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ. ಇದರಲ್ಲಿ ತಪ್ಪೇನು ಅಂತ ಆಫೀಸಲ್ಲಿ ಊಟಕ್ಕೆ ಕೂತಾಗ ಗೆಳೆಯನೊಬ್ಬ ವಾದ ಹೂಡಿದ. "ವಿಮಾನ ಹತ್ತೋ ಮುಂಚೆ ಪೈಲಟ್ ಬಂದು ಎಂಜಿನ್ ಪಾಠ ಮಾಡ್ತಾನಾ? ನಂಬಿಕೆ ಇಟ್ಟು ಕೂರ್ತೀವಿ ತಾನೆ?"

ಒಳ್ಳೆಯ ವಾದ. ಬಹಳಷ್ಟು ಚಿಕಿತ್ಸೆಗೆ ಇದು ಹೊಂದುತ್ತದೆ ಕೂಡ. ಆಪರೇಷನ್ ಟೇಬಲ್ ಮೇಲೆ ಮಲಗಿದವರಿಗೆ ಹೊಲಿಗೆಯ ವಿದ್ಯೆ ಬೇಕಿಲ್ಲ. ವಾರ್ಫರಿನ್ ವಿಷಯದಲ್ಲಿ ಹೊಂದಲ್ಲ, ಯಾಕಂದ್ರೆ ಇಲ್ಲಿ ವಿಮಾನ ಹಾರಿಸುತ್ತಿರೋದು ಅತ್ತೆಯೇ. ವೈದ್ಯರು ತಿಂಗಳಿಗೊಮ್ಮೆ ಒಂದು ಸಂಖ್ಯೆ ನೋಡುತ್ತಾರೆ. ಐಎನ್‌ಆರ್ ಮಾಮೂಲಿ ಮನುಷ್ಯರಲ್ಲಿ 1ರ ಆಸುಪಾಸು, ಅತ್ತೆಯಂಥವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಆ ಸಂಖ್ಯೆಯನ್ನು ಉಳಿದ ಇಪ್ಪತ್ತೊಂಬತ್ತು ದಿನ ಅಲ್ಲಾಡಿಸೋದು ಅಡುಗೆಮನೆ, ಮೆಡಿಕಲ್ ಸ್ಟೋರು, ಹಲ್ಲಿನ ಡಾಕ್ಟ್ರು, ಮಂಡಿನೋವಿಗೆ "ಇದೊಂದು ತಗಳಿ" ಅನ್ನೋ ಪಕ್ಕದ ಮನೆಯವರು.

ಸೊಪ್ಪನ್ನೇ ನೋಡಿ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಪೂರ್ತಿ ಮಾಡೋಕೆ ಯಕೃತ್ತಿಗೆ ವಿಟಮಿನ್ ಕೆ ಬೇಕು. ಬಳಸಿದ ವಿಟಮಿನ್ ಕೆಯನ್ನು ದೇಹ ಮತ್ತೆ ಬಳಸದ ಹಾಗೆ ವಾರ್ಫರಿನ್ ಅಡ್ಡ ನಿಲ್ಲುತ್ತದೆ. ಸೊಪ್ಪಿನಲ್ಲಿ ಅದೇ ವಿಟಮಿನ್ ಹೇರಳ. ಹಾಗಂತ ಸೊಪ್ಪು ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿಂದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು. ಆದರೆ ಅತ್ತೆಗೆ ಸಿಕ್ಕಿದ್ದು ಅಪ್ಪಣೆ ಮಾತ್ರ. ಬಸ್ಸಾರು, ಮಸ್ಸೊಪ್ಪು ಇಲ್ಲದ ಹಾಸನದ ಮನೆ ಎಷ್ಟು ದಿನ ನಡೆದೀತು? ಎರಡು ತಿಂಗಳು ಕಟ್ಟುನಿಟ್ಟು, ಆಮೇಲೆ ತಂಗಿ ಮನೆಗೆ ಹೋದ ವಾರವೆಲ್ಲಾ ನುಗ್ಗೆಸೊಪ್ಪು. ಸಂಖ್ಯೆ ಏರಿಳಿಯಿತು, "ಪಥ್ಯ ಮಾಡಲ್ಲ ನೀವು" ಅಂತ ಬೈಸಿಕೊಂಡರು. ಅದಾದ ಮೇಲೆ ಭೇದಿ ಅಂತ ಅಂಗಡಿಯಿಂದ ಮೆಟ್ರೊನಿಡಜೋಲ್ ತಂದರು. ಎಲ್ಲರ ಮನೆಯಲ್ಲೂ ಇರುವ ಮಾತ್ರೆ, ಆದರೆ ವಾರ್ಫರಿನ್ ಜೊತೆ ಸೇರಿದರೆ ಐಎನ್‌ಆರ್ ಜೋರಾಗಿ ಮೇಲೆ ಹೋಗುತ್ತದೆ. ವಸಡಿನಲ್ಲಿ ರಕ್ತ ನಿಲ್ಲದೆ ಮೂರು ದಿನ ಅಡ್ಮಿಟ್ ಆದರು. ಮಗನ ಶೀಟಲ್ಲಿ ಭೇದಿಗೆ ಕಾಲಂ ಇರಲಿಲ್ಲ.

ಅಪ್ಪಣೆಯ ಕಷ್ಟ ಇದೇ. ಅದು ತಾನು ಊಹಿಸಿದ ಸಂದರ್ಭಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕಾರಣ ಗೊತ್ತಿದ್ದವರು ಊಹಿಸದ ಸಂದರ್ಭದಲ್ಲೂ ಒಂದು ಕ್ಷಣ ತಡೆದು, ಫೋನ್ ಮಾಡಿ ಕೇಳುತ್ತಾರೆ. ವಿಧೇಯ ರೋಗಿಯೇ ಸುರಕ್ಷಿತ ರೋಗಿ ಅನ್ನೋ ನಮ್ಮ ನಂಬಿಕೆ ಈ ಮಾತ್ರೆಯ ಮುಂದೆ ನಿಲ್ಲಲ್ಲ.

"ಹಳ್ಳಿ ಹೆಂಗಸಿಗೆ ವಿಟಮಿನ್ ಕೆ ಪಾಠ ಮಾಡಕ್ಕಾಗತ್ತಾ?" ಅಂತೀರಾ? ಆ ಮೂರು ದಿನದಲ್ಲಿ ಹಾಸನದ ಒಬ್ಬ ವೈದ್ಯೆ ಮಾಡಿದರು. ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮನೇಲಿ ಹಾಲಿಗೆ ಹೆಪ್ಪು ಹಾಕೋರು ಯಾರು?" ಅತ್ತೆಯೇ, ಮೂವತ್ತು ವರ್ಷದಿಂದ. "ದಿನಾ ಒಂದೇ ಚಮಚ ಹಾಕ್ತೀರಾ?" ಅದೆಂಗಾಗತ್ತೆ, ಚಳಿಗೆ ಜಾಸ್ತಿ, ಬೇಸಿಗೆಗೆ ಕಮ್ಮಿ, ಹಾಲು ಬಿಸಿ ಇದ್ರೆ ಒಂದು ಲೆಕ್ಕ, ಆರಿದ್ರೆ ಇನ್ನೊಂದು. ಬೆಳಿಗ್ಗೆ ಗೊತ್ತಾಗೋದು. "ಇದೂ ಹಂಗೇ. ರಕ್ತಾನೂ ಹೆಪ್ಪಾಗತ್ತೆ. ಈ ಮಾತ್ರೆ ಅದನ್ನ ತಡ ಮಾಡತ್ತೆ. ಸೊಪ್ಪು ಬೇಗ ಮಾಡತ್ತೆ. ಇವತ್ತು ನುಂಗಿದ್ದು ಸರಿಯಾಗಿ ಗೊತ್ತಾಗಕ್ಕೆ ಎರಡು ಮೂರು ದಿನ ಬೇಕು, ಅದಕ್ಕೇ ಒಂದು ದಿನ ಮರೆತ್ರೆ ಮಾರನೇ ದಿನ ಎರಡು ನುಂಗಬಾರದು."

ಕನ್ನಡದಲ್ಲಿ ಮೊಸರಿಗೂ ರಕ್ತಕ್ಕೂ ಒಂದೇ ಪದ ಇರೋದು ನಮ್ಮ ಅದೃಷ್ಟ. 'ಥಿನ್ನರ್' ಅನ್ನು ಅನುವಾದಿಸುವ ಭರದಲ್ಲಿ ನಾವು ಅದನ್ನೇ ಮೂಲೆಗೆ ತಳ್ಳಿದ್ದೇವೆ. ಹೋಲಿಕೆ ಪೂರ್ತಿ ನಿಜವಲ್ಲ, ಹಾಲು ಹೆಪ್ಪಾಗೋ ರಸಾಯನವೇ ಬೇರೆ. ಅತ್ತೆ ತಕ್ಷಣ ಅದನ್ನು ಎಳೆದೂ ನೋಡಿದರು: "ಹಂಗಾದ್ರೆ ಚಳಿಗಾಲಕ್ಕೆ ಮಾತ್ರೆ ಕಮ್ಮಿ ಸಾಕಾ?" ವೈದ್ಯೆ ನಕ್ಕು, ಮೈ ಒಳಗೆ ಯಾವಾಗಲೂ ಒಂದೇ ಬಿಸಿ, ಆದ್ರೆ ಕಾಲ ಬದಲಾದಾಗ ನಿಮ್ಮ ಅಡುಗೆಮನೇಲಿ ಏನು ಬದಲಾಗತ್ತೆ ಅಂದರು. ಅತ್ತೆ ಸೊಪ್ಪುಗಳ ಹೆಸರು ಹೇಳುತ್ತಾ ಹೋದರು. ತಪ್ಪು ಪ್ರಶ್ನೆಯೇ, ಆದರೆ ಅಲ್ಲಿಯವರೆಗೆ ಅವರು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಇನ್ನೊಂದು ತಕರಾರು ಭಯದ್ದು. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ, ಕೆಟ್ಟ ಸ್ವೀಟ್ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯೋದೇಕೆ ಅಂತ ಹುಡುಕಹೊರಟರು. ಆ ದಾರಿಯಲ್ಲೇ ಸಿಕ್ಕ ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದಿದ್ದು ಇಲಿ ಪಾಷಾಣವಾಗಿ. 1954ರಲ್ಲಿ ಮನುಷ್ಯರಿಗೆ ಅನುಮತಿ ಸಿಕ್ಕಿತು, ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್‌ಗೂ ಕೊಟ್ಟರು. ಇದನ್ನು ಅಮ್ಮನಿಗೆ ಹೇಳೋದೇ ಬೇಡ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ನನಗದು ಸರಿ ಕಾಣಲ್ಲ. ಯೂಟ್ಯೂಬ್ ನೋಡಿದ ಯಾವನೋ ಹುಡುಗ ಒಂದು ದಿನ ಹೇಳಿಯೇ ಹೇಳುತ್ತಾನೆ, ಆಗ ವಿಷಕ್ಕಿಂತ ಮುಚ್ಚಿಟ್ಟವರ ಮೇಲೆ ಅನುಮಾನ ಹುಟ್ಟುತ್ತೆ. ಯೂರಿಯಾ ಹೆಚ್ಚಾದರೆ ಪೈರು ಸುಟ್ಟುಹೋಗುತ್ತೆ ಅಂತ ತಿಳಿದ ಮನೆಗೆ ಅಳತೆಯ ಮಹಿಮೆ ಹೊಸದಾ?

ಆದರೆ ತಿಳಿಯೋದೇ ಬೇಡ ಅನ್ನುವವರು? ಗೆಳತಿಯೊಬ್ಬಳ ಅಪ್ಪ, ನಿವೃತ್ತ ಬ್ಯಾಂಕ್ ಅಧಿಕಾರಿ, ಹೃದಯದ ಬಡಿತ ತಪ್ಪುವ ತೊಂದರೆಗೆ ಇದೇ ಮಾತ್ರೆ ತಗೋತಾರೆ. ಓದಿದವರು, ಅರ್ಥವಾಗದ್ದೇನಿಲ್ಲ. "ನನಗೆ ಹೇಳಬೇಡ, ನೀನೇ ನೋಡ್ಕೋ" ಅಂತಾರೆ. ಕಾಯಿಲೆಯ ಬಗ್ಗೆ ದಿನವಿಡೀ ಯೋಚಿಸದೆ ಬದುಕುವ ಹಕ್ಕು ಅವರಿಗಿದೆ ಅಂತ ನಾನು ಒಪ್ಪುತ್ತೇನೆ. ಸಂಖ್ಯೆ, ತಾರೀಖು, ಡೋಸು ಮಗಳಿಗೆ ವಹಿಸಲಿ. ರಾತ್ರಿ ಬಚ್ಚಲಲ್ಲಿ ಜಾರಿದಾಗ ಅವಳು ಪುಣೆಯಲ್ಲಿರುತ್ತಾಳೆ. ಅವಳು ಕೊನೆಗೆ ಮೂರೇ ವಿಷಯಕ್ಕೆ ಅಪ್ಪನನ್ನು ಕೂರಿಸಿಕೊಂಡಳು. ಮಲ ಡಾಂಬರಿನಂತೆ ಕಪ್ಪಾದರೆ ಕಾಯಬಾರದು. ತಲೆಗೆ ಪೆಟ್ಟು ಬಿದ್ದರೆ, ಏನೂ ಆಗಿಲ್ಲ ಅನ್ನಿಸಿದರೂ ಆಸ್ಪತ್ರೆಗೆ ಹೋಗಬೇಕು. ಕೇಳದೆ ನೋವಿನ ಮಾತ್ರೆ ನುಂಗಬಾರದು. ಅವರು ಪೇಪರಿನಿಂದ ತಲೆ ಎತ್ತದೆ "ಗೊತ್ತು, ಗೊತ್ತು" ಅಂದರಂತೆ. ಇವಳು ಪೇಪರ್ ಕಿತ್ತುಕೊಂಡು, "ಹಾಗಾದ್ರೆ ಈಗ ನೀವು ಹೇಳಿ" ಅಂದಳಂತೆ. ಎರಡು ಹೇಳಿದರು, ಮೂರನೆಯದಕ್ಕೆ ಇನ್ನೊಂದು ಸಲ ಕೂರಬೇಕಾಯಿತು.