ಹಳಿಯ ಮೇಲಿನ ಪಂಕ್ತಿ

ವಿದ್ಯಾನಗರದ ನಮ್ಮಂಥವರಿಗೆ ರೈಲೂಟ ಎಂದರೆ ಮನೆಯಿಂದ ಕಟ್ಟಿಕೊಂಡ ಚಿತ್ರಾನ್ನ. ಭದ್ರಾವತಿ ದಾಟುವ ಮೊದಲೇ ಡಬ್ಬಿ ತೆರೆದರೂ ಎದುರು ಕೂತವರಿಗೆ ‘ತಗೊಳ್ಳಿ’ ಎನ್ನದೆ ತುತ್ತು ಇಳಿಯುವುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಶತಾಬ್ದಿಯಲ್ಲೋ ವಂದೇ ಭಾರತ್‌ನಲ್ಲೋ ಹೋದರೆ ರೀತಿಯೇ ಬೇರೆ. ಸುಮಾರು 140 ಕಿಲೋಮೀಟರ್, ಎರಡು ಗಂಟೆಯ ದಾರಿ. ಆದರೂ ತಟ್ಟೆ ಆಸನಕ್ಕೇ ಬರುತ್ತದೆ. ಬೇಡವಾದವರು ಟಿಕೆಟ್ ಕೊಳ್ಳುವಾಗಲೇ ಬೇಡವೆನ್ನಬಹುದು. ಎರಡು ಗಂಟೆಗೆ ಯಾರೂ ಹಸಿವಿನಿಂದ ಕಂಗೆಡುವುದಿಲ್ಲ. ಹಾಗಾದರೆ ನಾವು ಕೊಳ್ಳುವುದು ಏನನ್ನು?

ಬಡಿಸಿಕೊಳ್ಳುವ ಸುಖವನ್ನು, ಎನ್ನುತ್ತೇನೆ ನಾನು. ದುಡಿದ ಹಣದಲ್ಲಿ ಅದನ್ನು ಬಯಸುವುದು ತಪ್ಪಲ್ಲ. ಆದರೆ ನಮ್ಮಲ್ಲಿ ಪಂಕ್ತಿಭೇದ ಎಂಬ ಹಳೆಯ ಮಾತೊಂದಿದೆ. ಹಳೆಯ ಪಂಕ್ತಿ ಜಾತಿ ಕೇಳುತ್ತಿತ್ತು. ರೈಲು ಟಿಕೆಟ್ ಮಾತ್ರ ಕೇಳುತ್ತದೆ. ಈ ಮುನ್ನಡೆಯನ್ನು ಹಗುರವಾಗಿ ಕಾಣಬಾರದು. ಆದರೂ ಭೇದ ಉಳಿದೇ ಇದೆ.

ಗಾಂಧೀಜಿ 1917ರಲ್ಲಿ ಮೂರನೇ ದರ್ಜೆಯ ಪ್ರಯಾಣದ ಬಗ್ಗೆ ಬರೆದಾಗ ಲೆಕ್ಕ ಕೇಳಿದ್ದರು: ಮೊದಲ ದರ್ಜೆಯ ದರ ಐದು ಪಟ್ಟಿಗೂ ಹೆಚ್ಚಿರಬಹುದು, ಆದರೆ ಮೂರನೇ ದರ್ಜೆಯವನಿಗೆ ಆ ಸೌಕರ್ಯದ ಹತ್ತರಲ್ಲೊಂದು ಪಾಲಾದರೂ ಸಿಗುತ್ತಿದೆಯೇ? ಮೇಲಿನವರ ತಟ್ಟೆ ಕಸಿಯಿರಿ ಎಂದು ಅವರು ಹೇಳಲಿಲ್ಲ. ಕೆಳಗಿನವರಿಗೆ ಸಿಗುತ್ತಿದ್ದ ಕೊಳಕು ತಿಂಡಿಯನ್ನು ತೋರಿಸಿದರು.

ನನ್ನ ಅಳತೆಗೋಲು ಇನ್ನೂ ಚಿಕ್ಕದು. ಅದೇ ಹಳಿಯ ಪ್ಯಾಸೆಂಜರ್ ರೈಲಿನವರಿಗೂ ಇದೇ ತಟ್ಟೆ ಬಂದಿದ್ದರೆ ನನಗೆ ಇದು ಇಷ್ಟೇ ರುಚಿಸುತ್ತಿತ್ತೇ? ಹೌದಾದರೆ ನಾನು ಉಂಡದ್ದು ಊಟ. ಇಲ್ಲವಾದರೆ, ಅವರಿಗೆ ಇಲ್ಲವೆಂಬುದನ್ನೇ ಉಪ್ಪಿನಕಾಯಿಯಂತೆ ನಂಚಿಕೊಂಡಿದ್ದೇನೆ.