ಅಲುಗದ ಹನ್ನೆರಡು ವೋಲ್ಟು

ಬಟನ್ ಒತ್ತಿದರೂ ಕಂಪ್ಯೂಟರು ಮಿಸುಕದಿದ್ದಾಗ ರಿಪೇರಿಯವರ ಕೈ ಮೊದಲು ಹೋಗುವುದು ಎಸ್‌ಎಂಪಿಎಸ್ ಕಡೆಗೆ. ಕ್ಯಾಬಿನೆಟ್ಟಿನ ಮೂಲೆಯಲ್ಲಿ ಫ್ಯಾನು ಹೊತ್ತು ಕೂತು ಇಡೀ ಯಂತ್ರಕ್ಕೆ ಕರೆಂಟು ಹಂಚುವ ತಗಡಿನ ಡಬ್ಬಿ ಅದು. ಕೊಳ್ಳುವಾಗ ಪ್ರೊಸೆಸರಿನ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು ಇದರ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಅದು ಕೆಟ್ಟಿದೆಯೋ ಇಲ್ಲವೋ ಎಂದು ಮಲ್ಟಿಮೀಟರ್ ಹಿಡಿದು ಕೂತಾಗಲೆಲ್ಲ ನನಗನ್ನಿಸುತ್ತದೆ, ಇಡೀ ಪೆಟ್ಟಿಗೆಯಲ್ಲಿ ಇದಕ್ಕಿಂತ ಬೆರಗಿನ ಕೆಲಸ ಮಾಡುವ ವಸ್ತು ಇನ್ನೊಂದಿಲ್ಲ.

ಮೊದಲು ನೇರಳೆ ತಂತಿ. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರಿನಲ್ಲಿ ಆ ಬಣ್ಣದ್ದು ಒಂದೇ ಇರುತ್ತದೆ. (ಈಗಿನ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಯೂ ಕಪ್ಪು, ಆಗ 9ನೇ ಪಿನ್ ಹುಡುಕಬೇಕು.) ಮೀಟರಿನ ಕಪ್ಪು ಪ್ರೋಬು ಕಪ್ಪು ತಂತಿಗೆ, ಕೆಂಪು ಪ್ರೋಬು ನೇರಳೆಗೆ ತಾಗಿದರೆ 5 ವೋಲ್ಟ್ ಕಾಣಬೇಕು. ಫ್ಯಾನು ನಿಂತಿದೆ, ಪರದೆ ಕಪ್ಪಾಗಿದೆ, ಆದರೂ 5 ವೋಲ್ಟ್. ಆರಿಸಿ ಮಲಗಿದೆವೆಂದು ನಾವು ನಂಬಿರುವ ಯಂತ್ರದೊಳಗೆ ಇಷ್ಟು ಭಾಗ ರಾತ್ರಿಯಿಡೀ ಎಚ್ಚರವಾಗಿರುತ್ತದೆ. ಪ್ಲಗ್ಗು, ಕೇಬಲ್ಲು, ಹಿಂದಿನ ಸ್ವಿಚ್ಚು ಎಲ್ಲ ಸರಿಯಿದ್ದೂ ಈ 5 ವೋಲ್ಟ್ ಬರದಿದ್ದರೆ ಮುಂದೆ ಹುಡುಕುವ ಅಗತ್ಯವೇ ಇಲ್ಲ, ಎಸ್‌ಎಂಪಿಎಸ್ ಹೋಗಿದೆ.

ಬಂದರೆ, ಹಸಿರು ತಂತಿ. ಕರೆಂಟು ತೆಗೆದು, ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, ಜೆಮ್ ಕ್ಲಿಪ್ಪೊಂದನ್ನು ಬಗ್ಗಿಸಿ ಹಸಿರಿಗೂ ಪಕ್ಕದ ಕಪ್ಪಿಗೂ ಸೇತುವೆ ಹಾಕಿ, ಮತ್ತೆ ಸ್ವಿಚ್ಚು ಹಾಕಿದರೆ ಸಾಮಾನ್ಯವಾಗಿ ಫ್ಯಾನು ತಿರುಗುತ್ತದೆ. ಆಗ ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಬರಬೇಕು. ಈ ಡಬ್ಬಿಗಳಿಗೆ ಅನ್ವಯಿಸುವ ಎಟಿಎಕ್ಸ್ ಮಾನದಂಡ ಬಹುಕಾಲ ಅನುಮತಿಸಿದ ಏರುಪೇರು ಶೇ. 5 ಮಾತ್ರ. ಹಳದಿ ತಂತಿ 11.40ರಿಂದ 12.60ರ ಒಳಗೇ ಇರಬೇಕು.

ಈ ಬಿಗಿಯನ್ನು ಗೋಡೆಯಿಂದ ಬರುವ ಕರೆಂಟಿನ ಜೊತೆ ಇಟ್ಟು ನೋಡಬೇಕು. ಶರಾವತಿಯ ನೀರು ತಿರುಗಿಸಿದ್ದೋ, ರಾಯಚೂರಿನ ಕಲ್ಲಿದ್ದಲ ಹಬೆ ತಿರುಗಿಸಿದ್ದೋ, ಆ 230 ವೋಲ್ಟು ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ. ಸೆಕೆಂಡಿಗೆ 100 ಸಲ ಸೊನ್ನೆಗೆ ಬೀಳುತ್ತದೆ, ದಿಕ್ಕು ಬದಲಿಸಿ ಸುಮಾರು 325 ವೋಲ್ಟಿನ ತುದಿಗೆ ಏರುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ವಿದ್ಯುತ್ ಮಾರ್ಗ ನಮ್ಮ ದಕ್ಷಿಣದ ಜಾಲವನ್ನು ಉತ್ತರದ್ದಕ್ಕೆ ಜೋಡಿಸಿದ ಮೇಲಂತೂ ಈ ಏರಿಳಿತ ಇಡೀ ದೇಶದಲ್ಲಿ ಒಂದೇ ತಾಳಕ್ಕೆ ನಡೆಯುತ್ತಿದೆ. ಅಷ್ಟು ದೊಡ್ಡ ತುಯ್ದಾಟದ ಇನ್ನೊಂದು ತುದಿಯಲ್ಲಿ ನನ್ನ ಮೀಟರು 12.06 ತೋರಿಸಿ ಸುಮ್ಮನೆ ನಿಂತಿರುತ್ತದೆ.

ಆ ನಿಲುವು ತಾನಾಗಿ ಬಂದದ್ದಲ್ಲ. ಎಸ್‌ಎಂಪಿಎಸ್ ಬಂದ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸಿ ದಪ್ಪ ಕೆಪಾಸಿಟರಿನಲ್ಲಿ ತುಂಬಿಡುತ್ತದೆ. ಅಲ್ಲಿಂದ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಅಂಗೈಯಲ್ಲಿ ಹಿಡಿಸುವ ಟ್ರಾನ್ಸ್‌ಫಾರ್ಮರಿನ ಮೂಲಕ ದಾಟಿಸಿ, ಮತ್ತೆ ನಯಗೊಳಿಸುತ್ತದೆ. ಕಂಪ್ಯೂಟರು ಹೆಚ್ಚು ಎಳೆದಾಗ ಹನ್ನೆರಡು ಕೊಂಚ ಕುಸಿಯುತ್ತದೆ. ಆ ಸುದ್ದಿ ಕತ್ತರಿಸುವ ಕಡೆಗೆ ತಲುಪಬೇಕು. ಆದರೆ ನಮ್ಮ ಕೈ ತಾಗುವ ಕಡೆಗೂ ಕೊಲ್ಲಬಲ್ಲ ವೋಲ್ಟೇಜಿನ ಕಡೆಗೂ ನಡುವೆ ಯಾವ ತಂತಿಯೂ ಇರಕೂಡದು. ಹಾಗಾಗಿ ಹೆಚ್ಚಿನ ಎಸ್‌ಎಂಪಿಎಸ್‌ಗಳಲ್ಲಿ ಸುದ್ದಿ ಹೋಗುವುದು ಬೆಳಕಿನಲ್ಲಿ. ಕಡಲೆಕಾಳಿನಷ್ಟು ದೊಡ್ಡ, ನಾಲ್ಕು ಕಾಲಿನ ಆಪ್ಟೋಕಪ್ಲರ್ ಒಂದಿರುತ್ತದೆ. ಅದರೊಳಗೆ ಒಂದು ಕಡೆ ಪುಟ್ಟ ಎಲ್‌ಇಡಿ, ಎದುರಿಗೆ ಅದನ್ನು ಕಾಣುವ ಟ್ರಾನ್ಸಿಸ್ಟರು. ವೋಲ್ಟೇಜು ಏರಿದರೆ ಎಲ್‌ಇಡಿ ಹೆಚ್ಚು ಬೆಳಗುತ್ತದೆ, ಇಳಿದರೆ ಮಂಕಾಗುತ್ತದೆ. ಎದುರಿನ ಟ್ರಾನ್ಸಿಸ್ಟರು ಅದನ್ನು ಗ್ರಹಿಸಿದಂತೆ ಕತ್ತರಿಸುವ ಲೆಕ್ಕ ಬದಲಾಗುತ್ತದೆ. ಈ ಬೆಳಕನ್ನು ಯಾರೂ ನೋಡಿಲ್ಲ, ನೋಡುವುದೂ ಸಾಧ್ಯವಿಲ್ಲ: ಅದು ಕಣ್ಣಿಗೆ ಕಾಣದ ಅವಕೆಂಪು, ಮೇಲಾಗಿ ಸುತ್ತಲೂ ಮುಚ್ಚಿದ ಪ್ಲಾಸ್ಟಿಕ್ಕು. ಮೀಟರಿನ ಅಂಕಿ ಅಲುಗದಿರುವುದು ಅದು ಒಂದೇ ಸಮನೆ ಮಿಡುಕುತ್ತಿರುವುದರಿಂದಲೇ. ಸ್ಥಿರ ಎಂದು ನಾವು ಕರೆಯುವ ಸಂಗತಿಯೊಳಗೆ ಇಷ್ಟೊಂದು ಚಲನೆ ಇರುವುದು ನನ್ನನ್ನು ಎಂದೂ ಬಿಡದ ವಿಸ್ಮಯ.

ಬೂದು ತಂತಿಯದು ಇನ್ನೊಂದೇ ಕೆಲಸ. ವೋಲ್ಟೇಜುಗಳೆಲ್ಲ ನೆಲೆ ನಿಂತ ಮೇಲೆ, ಅರ್ಧ ಸೆಕೆಂಡಿನೊಳಗೆ, ಅದು 5 ವೋಲ್ಟಿಗೆ ಏರಿ ‘ಇನ್ನು ಶುರುಮಾಡಬಹುದು’ ಎಂದು ತಿಳಿಸುತ್ತದೆ. ಅಲ್ಲಿಯವರೆಗೆ ಪ್ರೊಸೆಸರು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಕರೆಂಟು ಹೋದಾಗಲೂ ಬೂದು ತಂತಿ ಮೊದಲು ಬೀಳುತ್ತದೆ, ಉಳಿದವು ಕನಿಷ್ಠ ಒಂದು ಮಿಲಿಸೆಕೆಂಡ್ ಆಮೇಲೆ. ನಮಗೆ ಅದು ಕಾಲವೇ ಅಲ್ಲ. ಮೂರು ಗಿಗಾಹರ್ಟ್ಸ್ ಪ್ರೊಸೆಸರಿಗೆ ಅದು 30 ಲಕ್ಷ ಬಡಿತ.

ಇಷ್ಟೆಲ್ಲ ಸರಿಯಿದ್ದರೂ ಪರೀಕ್ಷೆ ಮುಗಿಯುವುದಿಲ್ಲ. ಜೆಮ್ ಕ್ಲಿಪ್ಪಿಗೆ ಫ್ಯಾನು ತಿರುಗಿತೆಂದು ಎಸ್‌ಎಂಪಿಎಸ್ ಚೆನ್ನಾಗಿದೆ ಅನ್ನುವಂತಿಲ್ಲ. ಭಾರವಿಲ್ಲದೆ ನಿಲ್ಲುವುದು ಕೆಟ್ಟದ್ದಕ್ಕೂ ಸಾಧ್ಯ. ಸಾಮಾನ್ಯವಾಗಿ ಮೊದಲು ಸೋಲುವುದು ಕೆಪಾಸಿಟರುಗಳು. ಅವುಗಳೊಳಗಿನ ದ್ರವ ಶಾಖಕ್ಕೆ ವರ್ಷಗಟ್ಟಲೆ ಆರುತ್ತ ಬರುತ್ತದೆ. 10 ಡಿಗ್ರಿ ತಣ್ಣಗಿಟ್ಟರೆ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಫ್ಯಾನಿನ ಜಾಲರಿಯ ಧೂಳು ಒರೆಸುವುದಕ್ಕೆ ಅಷ್ಟು ಬೆಲೆಯಿದೆ. ದಣಿದ ಕೆಪಾಸಿಟರು ಚಳಿಗೆ ಇನ್ನೂ ದುರ್ಬಲ. ಹಾಗಾಗಿಯೇ ಕೆಲವು ಕಂಪ್ಯೂಟರುಗಳು ಡಿಸೆಂಬರಿನ ಬೆಳಿಗ್ಗೆ ನಾಲ್ಕಾರು ಸಲ ಒತ್ತಿಸಿಕೊಂಡು, ಮಧ್ಯಾಹ್ನ ಒಂದೇ ಒತ್ತಿಗೆ ಹೊರಡುತ್ತವೆ. ಡಬ್ಬಿ ಬಿಚ್ಚಿ ನೋಡುವ ಆಸೆ ಮಾತ್ರ ಬೇಡ. ಪ್ಲಗ್ಗು ತೆಗೆದ ಮೇಲೂ ಆ ದಪ್ಪ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು.

ಭಾರದ ಪರೀಕ್ಷೆಗೆ, ಕರೆಂಟು ತೆಗೆದು, ಕ್ಲಿಪ್ಪು ಬಿಡಿಸಿ, ಕನೆಕ್ಟರನ್ನು ಬೋರ್ಡಿಗೆ ಮರಳಿ ಹಾಕಿ, ಕಂಪ್ಯೂಟರು ಹೊರಟರೆ ಭಾರಿ ವಿಡಿಯೊ ಕೆಲಸವೊಂದನ್ನು ಓಡಬಿಟ್ಟು, ಹಳದಿ ತಂತಿಯ ಹಿಂಬದಿಯಿಂದ ಪ್ರೋಬನ್ನು ಮೆಲ್ಲಗೆ ತೂರಿಸಿ ಮೀಟರು ನೋಡಬೇಕು. 12.06 ಇದ್ದದ್ದು 11.9ಕ್ಕೆ ಇಳಿದು ಅಲ್ಲೇ ನಿಂತರೆ ದೋಷ ಬೇರೆಲ್ಲೋ ಇದೆ, ಮೆಮೊರಿ ತೆಗೆದು ಹಾಕಿ ನೋಡಬಹುದು. 11.40ರ ಕೆಳಗೆ ಜಾರಿದರೆ ಎಸ್‌ಎಂಪಿಎಸ್ ಬದಲಿಸಬೇಕು.