ನಚಿಕೇತನ ಮೂರು ರಾತ್ರಿಗಳು

ಭಯವನ್ನು ನಿವಾರಿಸತಕ್ಕದ್ದು ಸಾಂತ್ವನವೋ ಜ್ಞಾನವೋ ಎಂಬ ಪ್ರಶ್ನೆ ನಮ್ಮ ದರ್ಶನಗಳಷ್ಟೇ ಪುರಾತನವಾದರೂ, ಇಂದು ಅದು ಅತ್ಯಂತ ತೀಕ್ಷ್ಣವಾಗಿ ಎದುರಾಗುವುದು ಹೃದ್ರೋಗಿಗಳ ತೀವ್ರನಿಗಾ ಘಟಕದಲ್ಲಿ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ವೃದ್ಧನಾದ ಕಾರ್ಮಿಕನೊಬ್ಬನಿಗೆ ಎದೆನೋವು ಬಂದರೆ, ಇ.ಸಿ.ಜಿ. ತೆಗೆಸಿ, ಹೆಪ್ಪು ಕರಗಿಸುವ ಸೂಜಿಮದ್ದು ಕೊಡಿಸಿ, ಬಂಗಾರಪೇಟೆಯ ದಾರಿಯಾಗಿ ಕೋಲಾರ ಪಟ್ಟಣಕ್ಕೋ, ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿನ ಜಯದೇವ ಆಸ್ಪತ್ರೆಗೋ ಕರೆದೊಯ್ಯುವುದುಂಟು. ದೇಹಕ್ಕೆ ಸಲ್ಲಬೇಕಾದುದು ಹೀಗೆ ಸಲ್ಲುತ್ತದೆ. ಮನಸ್ಸಿನ ಮಾತು ಬೇರೆ.

ಆ ಘಟಕದಲ್ಲಿ ದೀಪ ಆರುವುದಿಲ್ಲ. ಹಗಲಿರುಳುಗಳ ಭೇದ ಅಳಿದುಹೋಗಿರುತ್ತದೆ. ರೋಗಿ ಮಗ್ಗುಲು ಬದಲಿಸುವಾಗ ಎದೆಗೆ ಅಂಟಿಸಿದ ತಂತಿಯೊಂದು ಸಡಿಲವಾಗಿ ಮಾನಿಟರು ಕೂಗಿಕೊಂಡರೆ, ತನ್ನ ಹೃದಯವೇ ನಿಂತಿತೆಂದು ಆತ ನಂಬುತ್ತಾನೆ. ನರ್ಸು ಬಂದು ತಂತಿಯನ್ನೊತ್ತಿ, ಸದ್ದನ್ನಡಗಿಸಿ ಹೊರಟುಹೋಗುತ್ತಾಳೆ. ‘ತಂತಿ ಬಿಟ್ಟುಕೊಂಡಿತ್ತು, ನಿಮ್ಮ ಎದೆಗೇನೂ ಆಗಿಲ್ಲ’ ಎಂಬ ಒಂದು ಮಾತು ಬಾರದುದರಿಂದ, ಆತ ಬೆಳಗಿನವರೆಗೂ ಅಲುಗಾಡದೆ ಮಲಗಿರುತ್ತಾನೆ. ವಿಶ್ರಾಂತಿ ಬೇಕಾದ ಹೃದಯವನ್ನು ಭಯವೇ ಓಡಿಸುತ್ತಿರುತ್ತದೆ. 2001ರಲ್ಲಿ ಮುಚ್ಚಿದ ಆ ಚಿನ್ನದ ಗಣಿಗಳಲ್ಲಿ, ಮೂರು ಕಿಲೋಮೀಟರಿಗಿಂತಲೂ ಆಳವಾದ ಚಾಂಪಿಯನ್ ರೀಫ್ ಗಣಿಯ ಕತ್ತಲೆಗೆ ಇಳಿದವನು ಹೇಡಿಯಲ್ಲ. ಆದರೆ ಅಲ್ಲಿ ಯಾವ ಗಂಟೆಗೆ ಯಾವ ಅರ್ಥವೆಂಬುದನ್ನು ಅವನು ಬಲ್ಲವನಾಗಿದ್ದನು; ಇಲ್ಲಿ ಅದು ತಿಳಿಯದು.

ಸಾವಿನೆದುರು ತಿಳಿಯಬಯಸುವುದು ಹೊಸತಲ್ಲ. ಕಠೋಪನಿಷತ್ತಿನ ಬಾಲಕ ನಚಿಕೇತನು ಮೃತ್ಯುವಿನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದು, ಅದಕ್ಕೆ ದೊರೆತ ವರಗಳಲ್ಲಿ ಕೊನೆಯದಾಗಿ ಸಾವಿನ ಸ್ವರೂಪವನ್ನೇ ಕೇಳಿದಾಗ, ಯಮನು ದೀರ್ಘಾಯುಸ್ಸು, ಆನೆಕುದುರೆ, ಹೊನ್ನುಗಳನ್ನು ಕೊಡುವೆನೆಂದು ಆ ಪ್ರಶ್ನೆಯನ್ನು ಕೈಬಿಡಿಸಲು ನೋಡಿದನು. ‘ಏನೂ ಇಲ್ಲ, ಸುಮ್ಮನೆ ಮಲಗಿ’ ಎನ್ನುವಾಗ ನಾವು ಮಾಡುವುದೂ ಅದನ್ನೇ. ಆ ಮಾತಿನ ಹಿಂದಿನ ಕರುಣೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಕೇಳಿದವನಿಗೆ ಉತ್ತರವನ್ನು ಮರೆಮಾಡುವ ಕರುಣೆ ಅವನನ್ನು ಒಂಟಿಯಾಗಿಸುತ್ತದೆ. ಯಮನು ಶಿಷ್ಯನ ಸಿದ್ಧತೆಯನ್ನು ಪರೀಕ್ಷಿಸಿದನೆಂಬುದೂ ಸ್ಮರಣೀಯ: ಮೊದಲ ರಾತ್ರಿಯೇ ರೋಗದ ಸಮಸ್ತ ವಿವರವನ್ನು ಸುರಿಯುವುದು ವಿವೇಕವಲ್ಲ, ರೋಗಿಯ ಪ್ರಶ್ನೆಯೇ ಉತ್ತರಕ್ಕೆ ಅಳತೆಯಾಗಬೇಕು. ಉತ್ತರವೂ ಅವನ ಮನೆಮಾತಿನಲ್ಲಿರಬೇಕು. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕೇಳಿಬರುವ ಆ ಗಣಿಯೂರಿನವನ ಮುಂದೆ ಇಂಗ್ಲಿಷಿನ ಒಪ್ಪಿಗೆಪತ್ರವನ್ನು ಹಿಡಿದು ಸಹಿಯ ಜಾಗ ತೋರಿಸಿದರೆ ಅದು ತಿಳಿಸಿದಂತಾಗುವುದಿಲ್ಲ.

ನಚಿಕೇತನು ಮೊದಲ ವರವನ್ನು ತನಗಾಗಿ ಬೇಡಲಿಲ್ಲ. ತನ್ನ ತಂದೆಯ ಕಳವಳ ಶಮಿಸಲೆಂದು ಬೇಡಿದನು. ಹಾಗೆಯೇ, ಘಟಕದ ಬಾಗಿಲಾಚೆ, ನೆಲದ ಮೇಲೆ ಚಾಪೆ ಹಾಸಿ ಕುಳಿತ ರೋಗಿಯ ಹೆಂಡತಿಗೂ ಹೇಳಬೇಕಾದುದಿದೆ: ಯಾವ ಮಾತ್ರೆಯನ್ನು ತಪ್ಪಿಸಬಾರದು, ಮೆಟ್ಟಿಲು ಹತ್ತುವುದು ಯಾವಾಗ, ಮನೆಗೆ ಬಂದ ಮೇಲೆ ಆತ ಕಾರಣವಿಲ್ಲದೆ ಅತ್ತರೆ ಅದು ಈ ಕಾಯಿಲೆಯಲ್ಲಿ ಕಾಣಬರುವುದೇ, ಆದರೆ ವಾರಗಟ್ಟಲೆ ಹಾಗೇ ಉಳಿದರೆ ಅದನ್ನೂ ವೈದ್ಯರಿಗೆ ಹೇಳಬೇಕು ಎಂಬುದು.